ಸೀಳಿನ ಮೇಲೊಂದು ತಂತಿ

ಪೂನಮ ತಾನು ಮಾಡಿದ ಹೊಸ ಸರ್ಕಿಟ್ ಬೋರ್ಡನ್ನು ಮೇಜಿನ ಮೇಲಿಟ್ಟು ಕೈತೊಳೆಯಲು ಹೋದಾಗ ಅಮೋಗಸಿದ್ದ ಅದನ್ನೆತ್ತಿ ತಿರುವಿ ನೋಡಿದ. ಎಲ್ಲಿಂದಲಾದರೂ ಫೋನ್ ಮಾಡಿದರೆ ಸಾಕು, ಬೋರ್‌ವೆಲ್ಲಿನ ಮೋಟಾರ್ ಚಾಲೂ ಮಾಡುವ ಬೋರ್ಡು. ಕೆಳಮೈ ತುಂಬ ತಾಮ್ರದ ಹಾಳೆ. ಕರೆಂಟು ಹರಿಯುವ ಇನ್ನೊಂದು ಗೆರೆ ಹಾಯಿಸಲು ಜಾಗ ಸಾಲದೆ ಅವಳು ಆ ಹಾಳೆಯನ್ನು ಉದ್ದಕ್ಕೆ ಸೀಳಿದ್ದಳು. ಮೇಲ್ಮೈಯಲ್ಲಿ, ಚಿಪ್‌ನಿಂದ ಸಿಮ್ ಭಾಗಕ್ಕೆ ಹೋಗುವ ವೇಗದ ಸಿಗ್ನಲ್ಲಿನ ಗೆರೆ ಅದೇ ಸೀಳನ್ನು ಅಡ್ಡ ಹಾಯ್ದಿತ್ತು.

ತಪ್ಪು ಅವನಿಗೆ ಥಟ್ಟನೆ ಹೊಳೆಯಿತು. ಹೋದ ಕರೆಂಟು ತಿರುಗಿ ಬರಲೇಬೇಕು. ವೇಗದ ಸಿಗ್ನಲ್ಲಾದರೆ ತಾನು ಹೋದ ಗೆರೆಯ ನೇರ ಕೆಳಗೆ, ಆ ತಾಮ್ರದಲ್ಲೇ ಹಿಂದಿರುಗುತ್ತದೆ. ದಾರಿಯಲ್ಲಿ ಸೀಳು ಸಿಕ್ಕರೆ ಅದರ ತುದಿಯವರೆಗೂ ಹೋಗಿ ಸುತ್ತಿಬಳಸಿ ಬರಬೇಕು. ಹಾಗೆ ಸುತ್ತಿದ ದಾರಿಯೊಳಕ್ಕೆ ಮೋಟಾರಿನ ಸ್ಟಾರ್ಟರ್ ಹಾರಿಸುವ ಕಿಡಿ ಎಬ್ಬಿಸುವ ಗದ್ದಲವೆಲ್ಲ ನುಗ್ಗುತ್ತದೆ. ಹತ್ತು ವರ್ಷದ ಹಿಂದೆ ಅವನೇ ಮಾಡಿದ್ದ ಬೋರ್ಡೊಂದು ಹೀಗೇ ಕೈಕೊಟ್ಟಿತ್ತು; ಕಾರಣ ಹುಡುಕಲು ಮೂರು ವಾರ ಹಿಡಿದಿತ್ತು.

“ಹೆಂಗ ಆಗೇತ್ರಿ, ಸಿದ್ದಣ್ಣಾ?” ಹೆಗಲ ಮೇಲಿನ ಓಢಣಿಗೆ ಕೈ ಒರೆಸುತ್ತ ಪೂನಮ ಬಂದಳು.

ಅವನು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯ ಮಾಲೀಕ ಅಪ್ಪಾಸಾಹೇಬ ಒಳಗೆ ಬಂದರು. “ನೀವು ಮಾಡೀರಿ ಅಂದಮ್ಯಾಲ ಕೇಳೂದೇನೈತ್ರಿ, ಮೇಡಮ್? ಏ ಸಿದ್ದ್ಯಾ, ಸಾಮಾನ ಗಾಡ್ಯಾಗ ಇಡೋ, ಲಗೂನ. ವಳಸಂಗದಾಗ ಮಂದಿ ಕಾಯಾಕ ಹತ್ಯಾರ.”

ಉಮದಿಯ ಈ ಮೋಟಾರ್ ಅಂಗಡಿಯಲ್ಲಿ ಹದಿನೆಂಟು ವರ್ಷ ದುಡಿದವನು ಬರೀ ಸಿದ್ದ್ಯಾ. ಸಾಂಗಲಿಯಲ್ಲಿ ಇಂಜಿನಿಯರಿಂಗ್ ಓದಿ ಎಂಟು ತಿಂಗಳ ಹಿಂದೆ ಬಂದ ದರಿಬಡಚಿಯ ಕುರುಬರ ಹುಡುಗಿ ಮೇಡಮ್. ಅಮೋಗಸಿದ್ದ ಬಂದ ಮಾತನ್ನು ನುಂಗಿಕೊಂಡ.

“ಚಲೋ ಆಗೇತವಾ,” ಎಂದ.

ವಳಸಂಗದಲ್ಲಿ ಅದು ಊರಿಗೆಲ್ಲ ಕುಡಿಯುವ ನೀರು ಕೊಡುವ ಬೋರ್‌ವೆಲ್. ಹೆಂಗಸರು ಕೊಡಗಳ ಸಾಲು ಹಚ್ಚಿ ನಿಂತಿದ್ದರು. ಪೂನಮ ಬೋರ್ಡನ್ನು ಸ್ಟಾರ್ಟರಿಗೆ ಜೋಡಿಸಿ ಫೋನ್ ಹಚ್ಚಿದಳು. ಮೋಟಾರ್ ಗುರ್ ಎಂದು ಎದ್ದು, ನೀರು ಕೊಳವೆಯ ಬಾಯಿಗೆ ಬರುವ ಮೊದಲೇ ನಿಂತಿತು. ಇನ್ನೊಮ್ಮೆ ಹಚ್ಚಿದಳು, ಮತ್ತೆ ಹಾಗೇ. ಮೂರನೆಯ ಸಲಕ್ಕೆ ಯಾರೋ ಕಿಸಕ್ಕನೆ ನಕ್ಕರು. ಎಂಟು ತಿಂಗಳು ಉರಿದ ಅಮೋಗಸಿದ್ದನ ಹೊಟ್ಟೆ ತಣ್ಣಗಾಯಿತು.

“ಇಷ್ಟ ಮಂದಿ ಮುಂದ ನನ್ನ ಮಾನ ಕಳದ್ರಲ್ರಿ!” ಅಪ್ಪಾಸಾಹೇಬ ಹರಿಹಾಯ್ದರು. “ಲೈನ್ ಖರಾಬ್ ಐತೋ, ಸ್ಟಾರ್ಟರ್ ಖರಾಬ್ ಐತೋ, ಏನರೆ ಒಂದ ಹೇಳ್ರಿ.”

“ಎರಡೂ ಚಲೋ ಅದಾವ್ರಿ. ತಪ್ಪು ನಂದ. ಬೋರ್ಡಿನಾಗ ಎಲ್ಲೋ ಚುಕ್ಕೀನಿ, ಎಲ್ಲಿ ಅಂತ ತಿಳೀವಲ್ದು,” ಎಂದಳು ಪೂನಮ. ಅವಳ ತಲೆ ತಗ್ಗಲಿಲ್ಲ.

ಅಮೋಗಸಿದ್ದನಿಗೆ ಚುರುಕ್ಕೆಂದಿತು. ಅಂದು ತನ್ನ ಬೋರ್ಡು ಕೆಟ್ಟಾಗ ಅವನು ತಪ್ಪನ್ನು ವೋಲ್ಟೇಜಿನ ಮೇಲೆ ಹಾಕಿ ಪಾರಾಗಿದ್ದ. ಇವಳ ಓದು, ಇವಳಿಗೆ ಸಿಗುವ ಮರ್ಯಾದೆ ಕಂಡು ಕರುಬಿದವನು ಈಗ ಇವಳು ಸೋತು ನಿಂತ ರೀತಿಗೂ ಕರುಬಿದ. ಅದನ್ನು ನೋಡಿ ನಿಲ್ಲಲಾಗದೆ ಮುಂದೆ ಹೋಗಿ ಮೇನ್ ಸ್ವಿಚ್ ಇಳಿಸಿದ. ಬೋರ್ಡು ಬಿಚ್ಚಿಕೊಂಡು ಎದುರಿನ ಚಹಾದಂಗಡಿಯ ಪ್ಲಗ್ಗಿಗೆ ಸೋಲ್ಡರ್ ಗನ್ ಹಚ್ಚಿದ. ಬೆರಳಿನರ್ಧದಷ್ಟು ತಂತಿ ಕತ್ತರಿಸಿ, ಸಿಗ್ನಲ್ಲಿನ ಗೆರೆ ಹಾಯುವ ಜಾಗದಲ್ಲೇ ಸೀಳಿನ ಆ ದಡಕ್ಕೊಂದು ತುದಿ, ಈ ದಡಕ್ಕೊಂದು ತುದಿ ಬೆಸೆದ. ಐದು ನಿಮಿಷವೂ ಹಿಡಿಯಲಿಲ್ಲ. ಪೂನಮ ಪಕ್ಕದಲ್ಲೇ ನಿಂತು ಅವನ ಕೈಯನ್ನು ನೋಡುತ್ತಿದ್ದಳು.

ಈ ಸಲ ಮೋಟಾರ್ ನಿಲ್ಲಲಿಲ್ಲ. ನೀರು ಭೋರೆಂದು ಬಂತು, ಕೊಡಗಳು ಒಂದಕ್ಕೊಂದು ತಾಕಿದವು.

“ಭಲೇ, ಅಮೋಗಸಿದ್ದಪ್ಪಾ!” ಅಪ್ಪಾಸಾಹೇಬ ಅವನ ಬೆನ್ನು ತಟ್ಟಿದರು. “ಮೇಡಮ್, ನೋಡ್ರಿ, ಅನುಭವ ಅಂದ್ರ ಇದು.”

ಹದಿನೆಂಟು ವರ್ಷದಲ್ಲಿ ಅವರ ಬಾಯಲ್ಲಿ ಅವನ ಪೂರ್ತಿ ಹೆಸರು ಬಂದದ್ದು ಅದೇ ಮೊದಲು. ಅವನು ಹಲ್ಲುಬಿಟ್ಟು ಪೂನಮಳತ್ತ ತಿರುಗಿದ. ಅವಳು ಮಾಲೀಕರು ಆಚೆ ಸರಿಯುವವರೆಗೆ ಕಾದು, ಅವನಿಗಷ್ಟೇ ಕೇಳುವಂತೆ ಮೆಲ್ಲಗೆ ಅಂದಳು:

“ಸಿದ್ದಣ್ಣಾ, ತಪ್ಪು ಎಲ್ಲೈತಿ ಅಂತ ನೀವು ಹುಡುಕಲೇ ಇಲ್ಲಲ್ರಿ.”