ಅಮ್ಮನವರ ನೆರಿಗೆ

ಬಚ್ಚಲಲ್ಲಿ ಜಾರಿ ಬಿದ್ದ ಹೆಂಡತಿಯ ಬಲಗೈ ಪ್ಲಾಸ್ಟರಿನಲ್ಲಿತ್ತು. ಎಡಗೈಯಲ್ಲಿ ರೇಷ್ಮೆ ಸೀರೆ ತಂದು ಅರ್ಚಕರ ತೊಡೆಯ ಮೇಲೆ ಹಾಕಿದಳು.

“ಉಡಿಸಿ.”

“ನಾನಾ?” ಅರ್ಚಕರು ಸೀರೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. “ದಿನಾ ಉಡಿಸ್ತಿದ್ರಲ್ಲ, ಪಕ್ಕದ್ಮನೆಯವರು?”

“ಅವರು ಊರಲ್ಲಿಲ್ಲ. ಭಾವನೋರ ಕಾರು ಇನ್ನೇನು ಬಂದ್ಬಿಡುತ್ತೆ. ನಾನು ಎತ್ತಿ ಆಡಿಸಿದ ಹುಡುಗಿ ಮದುವೆ ರೀ, ನೈಟಿ ಮೇಲೆ ಶಾಲು ಹೊದ್ಕೊಂಡು ಹೋಗ್ಲಾ? ಸರಿಯಾಗಿ ಉಡಿಸಿದ್ರೆ ಹೋಗ್ತೀನಿ, ಇಲ್ದಿದ್ರೆ ಇಲ್ಲೇ ಬಿದ್ದಿರ್ತೀನಿ.” ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿ ಬಂತು.

ಸೀರೆ ಉಡಿಸುವುದು ಅರ್ಚಕರಿಗೆ ಹೊಸದೇನಲ್ಲ. ತಮಗೆ ಮೀಸೆ ಚಿಗುರಿದ ಕಾಲದಿಂದಲೂ ದೇವಸ್ಥಾನದ ಅಮ್ಮನವರಿಗೆ ಉಡಿಸುತ್ತಿರುವವರು ಅವರೇ. ಪರದೆ ಸರಿದರೆ ಸಾಕು, ಹೆಂಗಸರು ಕೈ ಮುಗಿಯುವುದನ್ನು ಮರೆತು ನೆರಿಗೆ ನೋಡುತ್ತಾ ನಿಲ್ಲುತ್ತಾರೆ. ಆದರೆ ಮಾತಾಡುವ ಹೆಂಗಸಿಗೆ, ಅದೂ ಸ್ವಂತ ಹೆಂಡತಿಗೆ, ಅವರು ಒಂದು ದಿನವೂ ಸೆರಗು ಸರಿಮಾಡಿ ಕೊಟ್ಟವರಲ್ಲ.

ಅಭ್ಯಾಸಬಲದಿಂದ ಕೈಕಾಲು ತೊಳೆದು ಬಂದು ಕಿಟಕಿಯ ಪರದೆ ಎಳೆದರು. ಸೀರೆಯನ್ನು ಮಂಚದ ಮೇಲೆ ಹರಡಿ, ನೆರಿಗೆಯನ್ನೆಲ್ಲ ಮೊದಲೇ ಹಿಡಿದು, ಅಂಗೈಯಿಂದ ತೀಡಿ, ದಾರ ಹಾಕಿ ಅವಳ ಸೊಂಟಕ್ಕೆ ಕಟ್ಟಿದರು. ಸೆರಗನ್ನು ಹೆಗಲಿಗೆ ಹಾಯಿಸಿ ಪಿನ್ನು ಚುಚ್ಚಿದರು. ಹಿಂದೆ ಸರಿದು ನೋಡಿದರೆ ನೆರಿಗೆ ಬೀಸಣಿಗೆಯ ಹಾಗೆ ಪಾದದವರೆಗೂ ಬಿಚ್ಚಿಕೊಂಡಿತ್ತು. ತಮ್ಮ ಕೆಲಸಕ್ಕೆ ತಾವೇ ತಲೆದೂಗಿದರು.

ಅವಳು ಎಡಗೈಯಿಂದ ಬೆನ್ನ ಹಿಂದೆ ತಡಕಾಡಿದಳು. ಕೈಗೆ ಸಿಕ್ಕಿದ್ದು ಲಂಗ.

“ಹಿಂದೆ ಸೀರೇನೇ ಇಲ್ವಲ್ರೀ!”

“ಹಿಂದೆ ಗೋಡೆ ಇರುತ್ತಲ್ಲ,” ಎಂದರು ಅರ್ಚಕರು.

“ಅಮ್ಮನವರ ಹಿಂದೆ ಗೋಡೆ ಇರುತ್ತೆ. ನನ್ನ ಹಿಂದೆ ಓರಗಿತ್ತಿಯರು ಇರ್ತಾರೆ!”

ಅಳುತ್ತಿದ್ದವಳಿಗೆ ತಡೆಯಲಾರದೆ ನಗು ಬಂತು. ಅರ್ಚಕರೂ ನಕ್ಕು ಎಲ್ಲ ಬಿಚ್ಚಿದರು. ಈ ಸಲ ಅವಳು ಹೇಳಿದಂತೆ, ಸೀರೆಯ ತುದಿ ಹಿಡಿದು ಅವಳನ್ನೇ ಸುತ್ತತೊಡಗಿದರು.

“ಪ್ರದಕ್ಷಿಣೆ ಒಂದು ಸಾಕು. ನೆರಿಗೆ ಹಿಡೀರಿ... ಅಯ್ಯೋ, ದಾರ ಅಷ್ಟು ಜಗ್ಗಬೇಡಿ, ಉಸಿರು ಕಟ್ಟುತ್ತೆ! ಎರಡು ಬೆರಳು ಹೋಗೋಷ್ಟಾದ್ರೂ ಜಾಗ ಬಿಡಿ.”

“ಅಮ್ಮನವರು ಒಂದು ದಿನಾನೂ ಹೀಗಂದಿಲ್ಲ.”

“ನೀವು ಒಂದು ದಿನ ಆದ್ರೂ ಕೇಳಿದೀರಾ?”

ಅರ್ಚಕರು ಗಂಟು ಬಿಚ್ಚಿ, ಎರಡು ಬೆರಳು ತೂರಿಸಿ ನೋಡಿ, ಮತ್ತೆ ಕಟ್ಟಿದರು.

ಅಲಂಕಾರ ಮುಗಿದ ಮೇಲೆ ಅಮ್ಮನವರಿಗೆ ಕನ್ನಡಿ ತೋರಿಸುವುದು ಪದ್ಧತಿ. ಗೋಡೆಯ ಕನ್ನಡಿ ಕಳಚಿ ಅವಳ ಮುಂದೆ ಹಿಡಿದರು. ಅವಳು ಕನ್ನಡಿ ನೋಡಲಿಲ್ಲ, ಹಿಡಿದವರನ್ನು ನೋಡಿದಳು.

“ಹೇಗಿದೆ?”

“ಚೆನ್ನಾಗಿದೆ.”

“ಸೀರೇನಾ?”

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿ ಅರ್ಚಕರು ಬಚಾವಾದರು. ಆದರೂ ಅವಳು ಹೊಸಿಲು ದಾಟುವಾಗ, “ನೀನೂ,” ಎಂದುಬಿಟ್ಟರು. ಅವಳು ತಿರುಗಲಿಲ್ಲ. ಓರಗಿತ್ತಿಯರು ನೋಡಬೇಕಾದ ಬೆನ್ನನ್ನು ಮೊದಲು ಅವರಿಗೇ ತೋರಿಸುತ್ತಾ, ಬೇಕೆಂದೇ ನಿಧಾನವಾಗಿ ನಡೆದು ಕಾರು ಹತ್ತಿದಳು.

ಸಂಜೆ ಗರ್ಭಗುಡಿಯ ಪರದೆ ಎಂದಿಗಿಂತ ಹೆಚ್ಚು ಹೊತ್ತು ಮುಚ್ಚಿಯೇ ಇತ್ತು. “ಏನ್ ಸ್ವಾಮಿ, ಇವತ್ತು ವಿಶೇಷ ಅಲಂಕಾರಾನಾ?” ಎಂದು ಹೊರಗಿನಿಂದ ಯಾರೋ ಕೇಳಿದರು.

ಒಳಗೆ, ಅಮ್ಮನವರ ಸೊಂಟದ ದಾರವನ್ನು ಜಗ್ಗಿ ಗಂಟು ಹಾಕಲು ಹೋದ ಅರ್ಚಕರ ಕೈ ಹಾಗೇ ನಿಂತಿತ್ತು. ಯಾರಿಗೂ ಕೇಳಿಸದಂತೆ ಬಾಗಿ, “ಬಿಗಿಯಾಯ್ತೇನಮ್ಮಾ?” ಎಂದರು.

ಸ್ವಲ್ಪ ಹೊತ್ತು ಕಾದರು. ಆಮೇಲೆ ದಾರ ಸಡಿಲಿಸಿ, ಎರಡು ಬೆರಳು ತೂರಿಸಿ ನೋಡಿದರು.