ಗೋಡೆಯಿಂದ ಇಳಿದ ರೊಟ್ಟಿ

ಚೀಲದ ಬಾಯಿ ಅರೆ ತೆರೆದಿತ್ತು. ಒಳಗೆ ಒಂದು ಒಣಗಿದ ರೊಟ್ಟಿ. ಅದರ ಅಂಚಿನಲ್ಲಿ ಫೆರೂಜಾಳದೇ ಹಲ್ಲಿನ ಗುರುತು, ಮುಂದಿನ ಎರಡು ಹಲ್ಲುಗಳ ನಡುವಿನ ಸಂದು ಸಮೇತ.

ಪಕ್ಕದಲ್ಲಿ ಕೂತಿದ್ದ ಗಂಡ ಬೋತಿರ್ ಚೀಲವನ್ನು ಸರಕ್ಕನೆ ಮಡಿಲಿಗೆ ಎಳೆದುಕೊಂಡ. ಟ್ರಾಲಿಬಸ್ಸು ಅಲ್ಮಾಟಿಯ ಏರುರಸ್ತೆಯನ್ನು ತೆವಳುತ್ತಾ ಹತ್ತುತ್ತಿತ್ತು.

"ಅದೇನ್ರೀ ಅದು?"

"ಆಮೇಲೆ ಹೇಳ್ತೀನಿ."

ಹೇಳುವುದಕ್ಕೇನಿದೆ? ಗಡಿಯಾಚೆಯ ತಮ್ಮೂರು ಕೋಕಂದಿನಲ್ಲಿ ಇದು ಮಕ್ಕಳಿಗೂ ಗೊತ್ತು. ದೂರ ಹೊರಟವರು ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗಬೇಕು. ಉಳಿದದ್ದನ್ನು ಮನೆಯವರು ಗೋಡೆಗೆ ತೂಗುಹಾಕುತ್ತಾರೆ. ಹೋದವರು ಮರಳಿ ಬಂದು ಅದನ್ನು ತಿಂದು ಮುಗಿಸಬೇಕು. ಅಲ್ಲಿಯವರೆಗೆ ಅದಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಇಳಿಸಿದರೆಂದರೆ ಆ ಮನೆಯಲ್ಲಿ ಇನ್ನು ಯಾರೂ ಅವರಿಗಾಗಿ ಕಾಯುತ್ತಿಲ್ಲ ಎಂದೇ ಅರ್ಥ.

ಎರಡು ವರ್ಷದ ಹಿಂದೆ ಅವಳು ಪಶುವೈದ್ಯ ಓದಲು ಹೊರಟು ನಿಂತಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. "ದನದ ಡಾಕ್ಟ್ರಾಗೋಕೆ ದೇಶ ಬಿಡ್ಬೇಕೇನೇ? ನಮ್ಮೂರ ದನಗಳಿಗೆ ಏನ್ ಕಮ್ಮಿಯಾಗಿತ್ತು?" ಫೆರೂಜಾಗೂ ತಲೆ ಕೆಟ್ಟಿತ್ತು. "ಇನ್ನು ನಿಮ್ಮ ಜೊತೆ ಒಂದೇ ಸೂರಿನಡಿ ನಾನಿರಲ್ಲ!" ಎಂದು ಕಿರುಚಿ, ರೊಟ್ಟಿ ಕಚ್ಚಿ ಹೊರಟಿದ್ದಳು. ಆ ಮಾತಿಗೆ ಆಮೇಲೆ ಎಷ್ಟೋ ಸಲ ಅತ್ತಿದ್ದಳು. ಕ್ಷಮೆ ಕೇಳಲು ಮಾತ್ರ ಬಾಯಿ ಬಂದಿರಲಿಲ್ಲ.

ಈಗ ಅತ್ತೆ ಮಗನ ಕೈಲಿ ಆ ರೊಟ್ಟಿ ಕಳಿಸಿದ್ದಾಳೆ.

ಬೆಳಿಗ್ಗೆಯಿಂದಲೂ ಬೋತಿರ್ ವಿಚಿತ್ರವಾಗಿಯೇ ಇದ್ದ. ಬಸ್ ನಿಲ್ದಾಣಕ್ಕೆ ಬರಬೇಡ, ಕಾಲೇಜಿಗೆ ನಾನೇ ಬರುತ್ತೇನೆ ಎಂದಿದ್ದ. ಬಂದವನೇ, "ಆರಕ್ಕೆ ವಾಪಸ್ ಬಸ್ಸಿದೆ. ಅಷ್ಟರೊಳಗೆ ಒಂದು ವಿಷಯ ಇತ್ಯರ್ಥ ಆಗ್ಬೇಕು" ಎಂದಿದ್ದ. ಮುಖ ಬಿಳಿಚಿಕೊಂಡಿತ್ತು. ಅವಳು ರಾತ್ರಿಯ ಪ್ರಯಾಣದ ಆಯಾಸ ಎಂದುಕೊಂಡಿದ್ದಳು.

ಆರರ ಬಸ್ಸು ತಪ್ಪಬೇಕು. ಅವಳಿಗೆ ಹೊಳೆದದ್ದು ಅದೊಂದೇ. ಬಸ್ಸು ತಪ್ಪಿದರೆ ಒಂದು ರಾತ್ರಿ ಸಿಗುತ್ತದೆ. ಕಾಲಿಗಾದರೂ ಬೀಳಬಹುದು.

ಹಾಗಾಗಿ ಅವನ ಕೈ ಹಿಡಿದು ಊರೆಲ್ಲ ಸುತ್ತಿಸಿದಳು. ಮರದ ಚರ್ಚು ತೋರಿಸಿದಳು, ಅದರ ಹಿಂದಿನ ಪಾರಿವಾಳಗಳನ್ನೂ ತೋರಿಸಿದಳು. ಅವನು ಬಾಯಿ ತೆರೆದಾಗಲೆಲ್ಲ ಇವಳದು ಒಂದೇ ಪಲ್ಲವಿ: "ಇರಿ, ಮೊದ್ಲು ಇದನ್ನ ನೋಡಿ!" ಮತ್ತೆ ಕಾಲೇಜಿನ ಲಾಯಕ್ಕೆ ಎಳೆದುಕೊಂಡು ಹೋದಳು. "ಈ ಕುದುರೆಗೂ ನಿಮ್ಮ ಥರಾನೇ ಮೂಗಿನ ತುದೀಲಿ ಕೋಪ" ಎಂದು ನಕ್ಕಳು. ಅವನು ನಗಲಿಲ್ಲ.

"ನಿನ್ನ ರೂಮಿಗೆ ಎಷ್ಟು ಮೆಟ್ಲು?"

"ಇಪ್ಪತ್ತೆರಡು. ಯಾಕೆ?"

"ಒಬ್ಳೇ ಇದೀಯಾ?"

ಆ ಪ್ರಶ್ನೆ ಕೆನ್ನೆಗೆ ಬಾರಿಸಿದಂತಿತ್ತು. ಊರಲ್ಲಿ ಯಾರೋ ಏನೋ ಹಬ್ಬಿಸಿದ್ದಾರೆ. "ಒಬ್ಳೇ. ಇನ್ಯಾರಿರ್ತಾರೆ?" ಎಂದಳು.

"ಚಳಿಗಾಲದಲ್ಲಿ ಬೆಚ್ಚಗಿರುತ್ತಾ? ಓನರಮ್ಮ ಹೇಗೆ, ಮಾತಾಡ್ತಾರಾ?"

ನನ್ನನ್ನು ಕೈಬಿಟ್ಟ ಮೇಲೆ ನಾನು ಬದುಕಿಕೊಳ್ಳುತ್ತೇನೋ ಇಲ್ಲವೋ ಎಂದು ಅಳೆಯುತ್ತಿದ್ದಾನೆ. ಪಾಪ, ಒಳ್ಳೆಯವನು.

ಬಜಾರಿನಲ್ಲಿ ಅವನು ಮಾಂಸ ತುಂಬಿ ಸುಟ್ಟ ಎರಡು ಸಮ್ಸಾ ಕೊಂಡ. "ಮೆತ್ತಗಿರೋದು ನೋಡಿ ಕೊಡಿ" ಎಂದು ಅಂಗಡಿಯವಳಿಗೆ ಎರಡೆರಡು ಸಲ ಹೇಳಿದ. ಒಂದನ್ನೂ ಮುಟ್ಟದೆ ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟ.

"ತಿನ್ನಲ್ವಾ?"

"ಹಸಿವಿಲ್ಲ. ಇದು ಆಮೇಲಕ್ಕೆ."

ಬಸ್ಸಿನಲ್ಲಿ ತಿನ್ನಲು. ಹೋಗುವುದಂತೂ ಖಚಿತ ಎಂದಾಯಿತು. ಐದು ಗಂಟೆ ಹೊಡೆಯುವ ಹೊತ್ತಿಗೆ ಅವಳು ಅವನನ್ನು ತಂತಿಯ ಮೇಲೆ ಗುಡ್ಡಕ್ಕೆ ಹೋಗುವ ತೂಗುಬಂಡಿಗೆ ಹತ್ತಿಸಿದಳು. ಬೇಡ ಬೇಡವೆಂದರೂ ಬಿಡಲಿಲ್ಲ. ಮೇಲೆ ತಲುಪಿದಾಗ ಕೆಳಗಿಳಿಯುವವರ ಸಾಲು ಉದ್ದಕ್ಕಿತ್ತು. ಅವಳಿಗೆ ಬೇಕಾದದ್ದೂ ಅದೇ.

ಬೋತಿರ್ ಗಡಿಯಾರ ನೋಡಿಕೊಂಡ. ಐದೂ ಇಪ್ಪತ್ತು. ಅವನ ಹಣೆಯಲ್ಲಿ ಬೆವರೊಡೆದಿತ್ತು.

"ಇನ್ನು ತಡ್ಕೊಳೋಕಾಗಲ್ಲ ಕಣೇ. ಹೇಳೇಬಿಡ್ತೀನಿ."

"ಬೇಡ!" ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. "ರೊಟ್ಟಿ ನೋಡ್ದೆ ರೀ. ನನಗೆ ಎಲ್ಲಾ ಗೊತ್ತಾಯ್ತು. ಓದು ಬಿಟ್ಟು ಬರ್ತೀನಿ. ಅತ್ತೆ ಕಾಲು ಹಿಡೀತೀನಿ. ಅದನ್ನ ವಾಪಸ್ ಗೋಡೆಗೆ ಹಾಕ್ಬಿಡಿ."

ಅವನು ಅವಳ ಕೈಯನ್ನು ಮೆಲ್ಲಗೆ ಸರಿಸಿದ.

"ಹುಚ್ಚಿ, ಯಾವ ಗೋಡೆಗೆ? ನನಗೆ ಇಲ್ಲೇ ಕೆಲಸ ಸಿಕ್ಕಿದೆ. ಮಗ ಸೊಸೆ ಎಲ್ಲಿರ್ತಾರೋ ಅದೇ ಮನೆ ಅಂತ ಅಮ್ಮಾನೇ ರೊಟ್ಟಿ ಇಳಿಸಿದ್ಲು. ಆದ್ರೆ ನೀನು ಅವತ್ತು ಆಡಿದ ಮಾತು ಅವಳು ಮರೆತಿಲ್ಲ. 'ನನ್ನನ್ನ ಜೊತೆಗಿಟ್ಕೋತಾಳಾ, ಮೊದ್ಲು ಸೊಸೇನ ಕೇಳು' ಅಂತ ನನ್ನ ಕಳಿಸಿದ್ಲು."

"ಅತ್ತೆ... ಎಲ್ಲಿದ್ದಾರೆ?"

"ಬೆಳಿಗ್ಗೆಯಿಂದ ಬಸ್ ನಿಲ್ದಾಣದ ಬೆಂಚಿನ ಮೇಲೆ ಗಂಟುಮೂಟೆ ಹಿಡ್ಕೊಂಡು ಕೂತಿದಾಳೆ. ಆರರೊಳಗೆ ನೀನು ಬರ್ಲಿಲ್ಲ ಅಂದ್ರೆ, ಸೊಸೆಗೆ ನಾನು ಬೇಡ ಅಂತ ತಿಳ್ಕೊಂಡು ಬಸ್ ಹತ್ಬಿಡ್ತಾಳಂತೆ."