ಗಂಟಲುಬಂಡೆಯ ಹಕ್ಕಿ

ಕುಂದಾಪುರದ ಕಡಲಿನ ಒಂದು ಪುಟ್ಟ ದ್ವೀಪಕ್ಕೆ ಗಂಟಲುಬಂಡೆ ಎಂಬ ಹೆಸರು ಬಂದ ಬಗೆಯನ್ನು ಅಲ್ಲಿಯ ಬಾಬಿಯಮ್ಮ ನನಗೆ ಹೇಳಿದ್ದು ಹೀಗೆ. ಆ ಬಂಡೆಯ ಮೇಲೆ ಕೂತು ಕೂಗುತ್ತಿದ್ದ ಕಡಲಹಕ್ಕಿಗಳು ಲೋಕದಿಂದ ಅಳಿದ ಮೇಲೆ, ಮಂಜಿನಲ್ಲಿ ಬರುವ ದೋಣಿಗಳಿಗೆ ಬಂಡೆಯ ಇರವನ್ನು ತಿಳಿಸಲು ಹೆಂಗಸರೇ ಅಲ್ಲಿ ಸರದಿಯಂತೆ ನಿಂತು ಹಕ್ಕಿಯ ದನಿಯಲ್ಲಿ ಗಂಟಲು ಬಿರಿಯುವಂತೆ ಕೂಗುತ್ತಿದ್ದರು. ಕೂಗು ಕೇಳಿದ ದಿಕ್ಕಿನಿಂದ ದೋಣಿ ದೂರ ಸರಿಯಬೇಕು.

ಬಾಬಿಯಮ್ಮನ ಸೊಸೆ ಅಕ್ಕಣಿಯ ಸರದಿಯಂದು ಅವಳ ಗಂಡ ನಾಗು, "ಹಕ್ಕಿ ಎಲ್ಲ ಓಡ್ ಹೋದ್ದೇ ನಿನ್ ಸ್ವರ ಕೇಂಡ್, ಮಾರಾಯ್ತಿ!" ಎಂದು ನಗುತ್ತ ಮೀನಿಗೆ ಹೊರಟನಂತೆ.

ಸಂಜೆ ಮಂಜು ಕವಿಯಿತು. ಅತ್ತೆಯ ಪಕ್ಕದಲ್ಲಿ ನಿಂತು ಅಕ್ಕಣಿ ಕೂಗುತ್ತಿರಲು, ಪಡುವಣ ಕಡಲಿನಿಂದ ಮರುಕೂಗು ಬಂತು. ಅವಳು ಬೆರಗಾಗಿ ಸುಮ್ಮನಾದಳು.

"ಅತ್ತೆ, ನಿಜದ್ ಹಕ್ಕಿ ಕಾಣಿ!"

"ಕೂಗ್ ನಿಲ್ಸ್‌ಬೇಡ ಹೆಣೆ, ನಿನ್ ಗಂಡ ಬತ್ತಾ ಇದ್ದ!"

ಅಷ್ಟರಲ್ಲಿ ನಾಗು ಆ ಹಕ್ಕಿಯ ಕೂಗನ್ನೇ ಹೆಂಡತಿಯದೆಂದು ನಂಬಿ, ಅದರಿಂದ ದೂರಕ್ಕೆ ದೋಣಿಯನ್ನು ತಿರುಗಿಸಿದ್ದ. ಬಂಡೆಗೆ ಬಡಿದು ಹಲಗೆ ಒಡೆದ ಸದ್ದು ಇಬ್ಬರಿಗೂ ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಹಕ್ಕಿ ಹಾರಿಬಂದು ಅಕ್ಕಣಿಯ ಕಾಲ ಬಳಿಯೇ ಕುಳಿತಿತು. ಲೋಕದಲ್ಲಿ ಅದೊಂದೇ ಉಳಿದಿತ್ತೋ ಏನೋ. ಅವಳು ಕಲ್ಲೆತ್ತಿ, ಅದು ಸಾಯುವವರೆಗೂ ಜಜ್ಜಿದಳು. ಬಳಿಕ ಎದ್ದು ನಿಂತು, ಅದರದೇ ದನಿಯಲ್ಲಿ ಮತ್ತೆ ಕೂಗತೊಡಗಿದಳು. ಉಳಿದವರ ದೋಣಿಗಳು ಇನ್ನೂ ಬರಬೇಕಿತ್ತು.